ಸುಟ್ಟ ತಂತಿಯ ಗಂಟು

ನಮ್ಮಪ್ಪ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಳ್ಳ ಅಂದವರು ಇಡೀ ಓಣಿಗೆ ಕೇಳುವ ಹಾಗೆ ಅಂದರು, ಅಲ್ಲವೆಂದು ಗೊತ್ತಾದ ಮೇಲೆ ಆಡಬೇಕಾಗಿದ್ದ ಮಾತನ್ನು ಬಾಯೊಳಗೇ ನುಂಗಿಕೊಂಡು ಹೋದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ವಯಸ್ಸಾದ ಮೇಲೆ ಎಲ್ಲ ಮರೆತುಹೋಗುತ್ತದೆ ಎನ್ನುತ್ತಾರೆ ದೊಡ್ಡವರು. ಮರೆಯುವುದು ಯಾರಿಗೆ ಅನುಕೂಲವೋ ಅವರು ಮರೆಯಲಿ, ನನಗೆ ಅಂಥ ಅವಸರ ಏನೂ ಇಲ್ಲ.

ಹೊಸಪೇಟೆಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಪಡಸಾಲೆ ಅಪ್ಪನ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಹೊಸ್ತಿಲು. ಆ ಹೊಸ್ತಿಲು ಇದ್ದೂ ಇಲ್ಲದ ಹಾಗೆ. ತಾಮ್ರದ ತಂತಿಯ ಚೂರು ಅಕ್ಕಿಯ ಮೊರದಲ್ಲಿ ಸಿಗುತ್ತಿತ್ತು, ಜೋಳದ ಹಿಟ್ಟು ಅಪ್ಪನ ಇಕ್ಕಳಕ್ಕೆ ಮೆತ್ತಿರುತ್ತಿತ್ತು. ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ಅಪ್ಪ ತಾನೇ ಬಣ್ಣ ಅದ್ದಿ ಬರೆದಿದ್ದ: ಡೈನಮೊ, ಸೆಲ್ಫ್ ರಿಪೇರಿ. ಸೆಲ್ಫ್ ಅಂದರೆ ಕೀಲಿ ತಿರುಗಿಸಿದಾಗ ಎಂಜಿನ್ ಶುರು ಮಾಡುವ ಮೋಟರು. ಓದಿದವರು ಆಲ್ಟರ್ನೇಟರ್ ಎನ್ನುವುದನ್ನು ನಮ್ಮೂರಿನಲ್ಲಿ ಇವತ್ತಿಗೂ ಡೈನಮೊ ಎಂದೇ ಕರೆಯುತ್ತಾರೆ. ಎಂಜಿನ್ ತಿರುಗಿದರೆ ಬೆಲ್ಟು ತಿರುಗುತ್ತದೆ, ಬೆಲ್ಟು ತಿರುಗಿದರೆ ಡೈನಮೊ ತಿರುಗುತ್ತದೆ, ಡೈನಮೊ ತಿರುಗಿದರೆ ದೀಪ ಉರಿದು, ಹಾರ್ನ್ ಕೂಗಿ, ಉಳಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಇಷ್ಟನ್ನು ನಾನು ಕಾಗುಣಿತಕ್ಕೆ ಮೊದಲೇ ಕಲಿತಿದ್ದೆ. ಅಪ್ಪನಿಗೆ ಊರಿಟ್ಟ ಹೆಸರು ಡೈನಮೊ ಈರಣ್ಣ.

ಡೈನಮೊದೊಳಗಿನ ಕಾಯಿಲು ಸುಟ್ಟರೆ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಬೇಕು. ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತಬೇಕು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅಪ್ಪ ಸುತ್ತುವಾಗ ಎಣಿಸುವವಳು ಅವ್ವ. ಒಳಗೆ ರೊಟ್ಟಿ ಬಡಿಯುತ್ತ, ಅಪ್ಪ ಪ್ರತಿ ಸುತ್ತಿಗೆ ಹೂಂ ಅಂದಾಗಲೆಲ್ಲ, ಅಂಕಿ ಹೇಳುತ್ತ ಹೋಗುತ್ತಿದ್ದಳು. ಒಮ್ಮೆ ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು, ಅವ್ವ ಲೆಕ್ಕ ತಪ್ಪಿದಳು. ಒಂದು ಸುತ್ತು ಆಚೆ ಈಚೆ ಆಗಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅಪ್ಪ ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಿದ. ಅವತ್ತು ನಾವು ಊಟ ಮಾಡಿದಾಗ ರೊಟ್ಟಿ ಹಪ್ಪಳವಾಗಿತ್ತು. ಅಂಥ ಮನುಷ್ಯನ ಬಗ್ಗೆ ನಾನು ಹೇಳುತ್ತಿರುವುದು.

ಸುತ್ತಿದ ಕಾಯಿಲಿಗೆ ವಾರ್ನಿಶ್ ಕುಡಿಸಿ ಹದವಾದ ಬಿಸಿಯಲ್ಲಿ ಒಣಗಿಸಬೇಕು. ದೊಡ್ಡ ಅಂಗಡಿಯವರ ಹತ್ತಿರ ಅದಕ್ಕೆ ಪೆಟ್ಟಿಗೆ ಇರುತ್ತದೆ. ನಮ್ಮಲ್ಲಿದ್ದದ್ದು ಅವ್ವನ ಒಲೆ. ರೊಟ್ಟಿ ಮುಗಿದ ಮೇಲೆ ಕೆಂಡದ ಮೇಲೆ ಹಂಚು ಬೋರಲು ಹಾಕಿ, ಅದರ ಮೇಲೆ ಕಾಯಿಲಿಟ್ಟು ತಗಡಿನ ಡಬ್ಬಿ ಮುಚ್ಚುತ್ತಿದ್ದ. ಮಾರನೆಯ ದಿನದ ರೊಟ್ಟಿಗೆ ವಾರ್ನಿಶ್ ವಾಸನೆ. ಅವ್ವ ಕಂಪ್ಲಿಯವಳು, ಗದ್ದೆ ನಾಡಿನಿಂದ ಬಂದವಳು, ಅನ್ನ ಉಂಡು ಬೆಳೆದವಳು. ರೊಟ್ಟಿಗೇ ಕಷ್ಟಪಟ್ಟು ಹೊಂದಿಕೊಂಡಿದ್ದಳು, ವಾರ್ನಿಶ್ ರೊಟ್ಟಿಗೆ ಸುತರಾಂ ಒಪ್ಪಲಿಲ್ಲ. ನನ್ನ ಒಲಿ ಏನು ನಿಮ್ಮ ಭಟ್ಟಿ ಏನ್ರಿ ಎಂದು ವಾರಕ್ಕೆ ಎರಡು ಸಲವಾದರೂ ಜಗಳ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಂಡು ಮತ್ತೆ ಅದೇ ಒಲೆಯ ಮೇಲೆ ಇಡುತ್ತಿದ್ದ. ಅವ್ವನೂ ಬೈಯುತ್ತ ಬೈಯುತ್ತಲೇ ಕೆಂಡ ಸರಿಮಾಡಿ ಕೊಡುತ್ತಿದ್ದಳು.

ಅಪ್ಪನದು ಇನ್ನೊಂದು ರೂಢಿ. ಕಿತ್ತು ತೆಗೆದ ಸುಟ್ಟ ತಂತಿಯನ್ನು ಬೇರೆಯವರು ಗುಜರಿಗೆ ಹಾಕುತ್ತಿದ್ದರು. ತಾಮ್ರ ತಾಮ್ರವೇ, ಸುಟ್ಟರೂ ಬೆಲೆಯುಂಟು. ಅಪ್ಪ ಮಾತ್ರ ಅದನ್ನು ಗಂಟು ಕಟ್ಟಿ ಗಾಡಿಯ ಧಣಿಗೇ ವಾಪಸು ಕೊಡುತ್ತಿದ್ದ. ಅದು ಅವರದು, ನನ್ನದಲ್ಲ ಎನ್ನುವುದಷ್ಟೇ ಅವನ ವಾದ. ಗಂಟಿಗೆ ಅವ್ವನ ಹರಿದ ಸೀರೆಯ ತುಂಡು. ಗಿರಾಕಿಗಳು ನಗುತ್ತಿದ್ದರು, ಕೆಲವರು ಇಲ್ಲೇ ಇರಲಿ ಬಿಡು ಎನ್ನುತ್ತಿದ್ದರು. ಅಪ್ಪ ಬಿಡುತ್ತಿರಲಿಲ್ಲ, ಗಾಡಿಯ ಡಿಕ್ಕಿಯಲ್ಲಿ ತಾನೇ ಇಟ್ಟು ಬರುತ್ತಿದ್ದ. ನಮ್ಮ ಮನೆಯ ಎಲ್ಲ ಸುಖದುಃಖ ಆ ಗಂಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ರಿಪೇರಿ ಸರಿಯಾಯಿತೋ ಇಲ್ಲವೋ ನೋಡಲು ಪಡಸಾಲೆಯ ಮೂಲೆಯಲ್ಲಿ ಒಂದು ಸೈಕಲ್ ಇತ್ತು. ಅಪ್ಪ ಮದುವೆಗೆ ಮೊದಲು ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಗೆ ಕೆಲಸ ಕಲಿಯಲು ಬರುತ್ತಿದ್ದ ಸೈಕಲ್ಲದು. ಹಿಂದಿನ ಚಕ್ರದ ಟೈರು ಕಿತ್ತು, ಬರೀ ರಿಮ್ಮಿಗೆ ಬೆಲ್ಟು ಹಾಕಿ, ಬೆಲ್ಟಿನ ಇನ್ನೊಂದು ತುದಿಗೆ ಡೈನಮೊ ಕೂರಿಸುತ್ತಿದ್ದ. ಪಕ್ಕದಲ್ಲಿ ಒಂದು ಬ್ಯಾಟರಿ, ಎರಡು ಬಲ್ಬು, ಮತ್ತೆ ಒಂದು ಮೀಟರು. ಮೀಟರಿನ ಮುಳ್ಳು ಸುಮ್ಮನಿದ್ದಾಗ ನಟ್ಟನಡುವೆ ನಿಲ್ಲುತ್ತಿತ್ತು. ತುಳಿಯುವ ಕೆಲಸ ನನ್ನದು. ಶಾಲೆಯಿಂದ ಬಂದು ಮಂಡಕ್ಕಿ ಒಗ್ಗರಣೆ ತಿನ್ನುತ್ತ ತುಳಿಯುತ್ತಿದ್ದೆ.

ನಿಧಾನ ತುಳಿದರೆ ಬಲ್ಬು ಉರಿಯುತ್ತಿತ್ತು, ಆದರೆ ಮುಳ್ಳು ಎಡಕ್ಕೆ ಬೀಳುತ್ತಿತ್ತು. ಉರೀತದಲ್ಲಪ್ಪ ಎಂದು ನಾನು ಖುಷಿಯಾದರೆ, ಅಪ್ಪ ಮುಳ್ಳು ತೋರಿಸುತ್ತಿದ್ದ. ಎಡಕ್ಕಿದ್ದರೆ ಬಲ್ಬು ತಿನ್ನುತ್ತಿರುವುದು ಬ್ಯಾಟರಿ ಕೂಡಿಟ್ಟ ಗಂಟು, ನೀನು ತುಳಿದದ್ದಲ್ಲ. ಜೋರು ಮಾಡಿದರೆ ಮುಳ್ಳು ನಡುವಿಗೆ ಬಂದು ನಡುಗುತ್ತಿತ್ತು. ಇನ್ನೂ ಜೋರು ಮಾಡಿದರೆ ಬಲಕ್ಕೆ ಹೊರಳುತ್ತಿತ್ತು. ಬಲಕ್ಕೆ ಹೊರಳಿತು ಅಂದರೆ ಡೈನಮೊ ಬಲ್ಬಿಗೂ ಕೊಟ್ಟು ಬ್ಯಾಟರಿಗೂ ಕೊಡುತ್ತಿದೆ. ಎರಡನೆಯ ಬಲ್ಬು ಹಾಕಿದರೆ ಪೆಡಲು ಕಲ್ಲಿನಷ್ಟು ಭಾರವಾಗುತ್ತಿತ್ತು, ಕರೆಂಟು ಪುಕ್ಕಟೆ ಬರುವುದಿಲ್ಲ ಎಂದು ನನ್ನ ತೊಡೆಗೆ ಗೊತ್ತಾಗುತ್ತಿತ್ತು. ಆದರೆ ಎಷ್ಟೇ ಜೋರು ತುಳಿದರೂ ಬಲಕ್ಕೆ ಒಂದು ಹದ ಮೀರಿ ಹೋಗುತ್ತಿರಲಿಲ್ಲ. ಒಳಗೊಂದು ಸಣ್ಣ ಡಬ್ಬಿ ಇದೆ, ಸಾಕು ಅನ್ನುವುದು ಅದರ ಕೆಲಸ ಎಂದಿದ್ದ ಅಪ್ಪ. ಮನುಷ್ಯರಿಗೆ ಆ ಡಬ್ಬಿ ಇಟ್ಟಿಲ್ಲ ದೇವರು. ನಮ್ಮೂರಿನ ಆ ಕಾಲವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದು ಮೈನಿಂಗಿನ ಕಾಲ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಇರುವೆ ಸಾಲಿನ ಹಾಗೆ ಬರುತ್ತಿದ್ದವು. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕಾವಿ ಬಟ್ಟೆಯಾಗಿರುತ್ತಿತ್ತು. ಮಟಮಟ ಮಧ್ಯಾಹ್ನ ಧೂಳಿನಲ್ಲಿ ದಾರಿ ಕಾಣದೆ ಗಾಡಿಗಳು ದೀಪ ಹಚ್ಚಿಕೊಂಡು ಓಡುತ್ತಿದ್ದವು. ನಿನ್ನೆಯವರೆಗೆ ಬಸ್ಸಿಗೆ ಕಾಯುತ್ತಿದ್ದವರ ಮನೆಮುಂದೆ ಕಾರು ಬಂದು ನಿಂತಿತು. ಹಾಗೆ ಕಾರು ಬಂದವರಲ್ಲಿ ಗಾದಿಗನೂರಿನ ಕಡೆಯ ಒಬ್ಬರು ಸಾಹುಕಾರರಿದ್ದರು. ಹೊಲವನ್ನು ಅದಿರು ಗುಡ್ಡೆ ಹಾಕಲು ಕೊಟ್ಟು, ಆಮೇಲೆ ಲಾರಿ ಇಟ್ಟು ಮೇಲೆ ಬಂದವರು. ಮೊದಲು ಅವರು ಬಾವಿಯ ಪಂಪಿನ ಮೋಟರು ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಿದ್ದರು, ಈ ಪಡಸಾಲೆಯಲ್ಲೇ ಕೂತು ಅವ್ವನ ಕೈಯ ರೊಟ್ಟಿ ತಿಂದಿದ್ದರು. ವಾರ್ನಿಶ್ ವಾಸನೆಯ ರೊಟ್ಟಿಯನ್ನೇ ಭಾಳ ಚಲೋ ಅದಾವು ತಂಗಿ ಅಂದಿದ್ದರು. ಆಗ ಅಪ್ಪ ಅವರಿಗೆ ಈರಣ್ಣ ತಮ್ಮ. ಕಾರು ಬಂದ ಮೇಲೆ ಈರಣ್ಣ. ಲಾರಿಗಳ ಸಂಖ್ಯೆ ಏರಿದ ಮೇಲೆ ಏ ಈರ್ಯಾ.

ಆ ಹೊತ್ತಿನಲ್ಲಿ ಹೊಸ ಸಾಹುಕಾರರಲ್ಲಿ ಒಂದು ವಿಚಿತ್ರ ರೂಢಿ ಬೆಳೆದಿತ್ತು. ಕಾರನ್ನು ಬಂದ್ ಮಾಡುತ್ತಿರಲಿಲ್ಲ. ಧಣಿ ಒಳಗೆ ಮಾತಾಡುತ್ತಿದ್ದರೆ ಹೊರಗೆ ಕಾರು ಗುರುಗುಡುತ್ತ ನಿಂತಿರಬೇಕು, ಗಾಜು ಏರಿರಬೇಕು, ಎಸಿ ಓಡುತ್ತಿರಬೇಕು. ಮದುವೆ ಛತ್ರದ ಮುಂದೆ ಹಾಗೆ, ತೂಕದ ಕಾಟಾದ ಮುಂದೆ ಹಾಗೆ, ಗುಡಿಯ ಮುಂದೂ ಹಾಗೆ. ಧಣಿ ಬಂದು ಕೂತಾಗ ಸೀಟು ತಣ್ಣಗಿರಬೇಕು. ಕಾರು ಬಂದ್ ಮಾಡಿಸಿದ ಎಂದರೆ ಡೀಸೆಲ್ಲಿಗೆ ಯೋಚನೆ ಮಾಡುವ ಬಡವ ಎಂದು ಅರ್ಥ. ನಮ್ಮ ಸಾಹುಕಾರರು ಅದು ಸಾಲದೆಂದು ಮುಂದೆ ನಾಲ್ಕು ದೊಡ್ಡ ದೀಪ ಹಾಕಿಸಿದ್ದರು, ಹಿಂದೆ ಎದೆ ಗುದ್ದುವಂಥ ಸೌಂಡ್ ಬಾಕ್ಸು.

ಎಂಜಿನ್ ಬರೀ ಗುರುಗುಡುತ್ತಿರುವಾಗ ಡೈನಮೊ ನಿಧಾನ ತಿರುಗುತ್ತದೆ, ಕೊಡುವುದು ಕಡಿಮೆ. ಎಸಿ, ದೀಪ, ಸೌಂಡು ಎಲ್ಲ ಒಟ್ಟಿಗೆ ಕೇಳುತ್ತವೆ. ಅದು ಕೈಲಾದದ್ದೆಲ್ಲ ಕೊಡಲು ಹೋಗಿ ಬಿಸಿಯಾಗುತ್ತದೆ, ತಣಿಸುವ ಫ್ಯಾನೂ ಅದರ ಜೊತೆಗೇ ನಿಧಾನ ತಿರುಗುವುದರಿಂದ ಗಾಳಿಯೂ ಸಾಲದು. ಕೊನೆಗೆ ಸುಡುತ್ತದೆ. ಸಾಹುಕಾರರ ಕಾರಿನದೂ ಸುಟ್ಟಿತು. ಅವರ ಡ್ರೈವರ್ ಹುಲುಗಪ್ಪ ತಂದುಕೊಟ್ಟ. ಒಳ್ಳೆಯ ಹುಡುಗ, ಹೊಸದಾಗಿ ಮದುವೆಯಾಗಿದ್ದ. ಅಪ್ಪ ಸುತ್ತಿದ, ಅವ್ವ ಎಣಿಸಿದಳು, ನಾನು ತುಳಿದೆ, ಮುಳ್ಳು ಬಲಕ್ಕೆ ಹೋಯಿತು. ಗಂಟು ಕಟ್ಟಿ ಡಿಕ್ಕಿಯಲ್ಲಿಟ್ಟ ಮೇಲೆ ಅಪ್ಪ ಹುಲುಗಪ್ಪನಿಗೆ ತಿಳಿಸಿ ಹೇಳಿದ.

"ನಿಂತಲ್ಲೇ ಎಲ್ಲಾ ಹಚ್ಚಿ ಇಡಬ್ಯಾಡ ತಮ್ಮ. ಇಡಲೇಬೇಕಂದ್ರ ಸ್ವಲ್ಪ ರೇಸ್ ಕೊಟ್ಟು ಇಡು. ಸ್ಲೋದಾಗ ಡೈನಮೊ ಕೊಡೋದು ಕಡಿಮಿ, ಕೇಳೋರು ಭಾಳ ಮಂದಿ."

ಹುಲುಗಪ್ಪ ತಲೆ ಕೆರೆದುಕೊಂಡ. ಇದನ್ನು ಧಣಿಯ ಮುಂದೆ ಹೇಳುವ ಧೈರ್ಯ ತನಗಿಲ್ಲ ಅಂದ. ಮುಂದೆ ನಡೆದದ್ದು ನಮಗೆ ಆಮೇಲೆ ಅವನಿಂದಲೇ ತಿಳಿಯಿತು. ಸಾಹುಕಾರರು ಎಲ್ಲರ ಮುಂದೆ ಕಾರು ಬಂದ್ ಮಾಡಿಸಲೊಲ್ಲರು, ಆದರೆ ಡೀಸೆಲ್ ಖರ್ಚಾಗುವುದು ಮಾತ್ರ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಯಾರೋ ಉಪಾಯ ಹೇಳಿದರಂತೆ. ಹುಲುಗಪ್ಪನಿಗೆ ಹೇಳಿ ಎಂಜಿನ್ನಿನ ಸ್ಲೋವನ್ನು, ಅಂದರೆ ರೇಸ್ ಒತ್ತದಿದ್ದಾಗ ಅದು ತಿರುಗುವ ವೇಗವನ್ನು, ಇನ್ನೂ ಇಳಿಸಿದರು. ಮೊದಲೇ ಅರೆಹೊಟ್ಟೆಯಲ್ಲಿದ್ದ ಡೈನಮೊ ಈಗ ಪೂರ್ತಿ ಉಪವಾಸ. ಏನು ಬುದ್ಧಿ ಅಂತೀನಿ! ನಾಲ್ಕು ಮಂದಿಗೆ ಕಾಣುವ ಕಡೆ ದೊಡ್ಡಸ್ತಿಕೆ, ಬಾನೆಟ್ಟಿನ ಕೆಳಗೆ ಜಿಪುಣತನ.

ಒಂದು ತಿಂಗಳೊಳಗೆ ರೈಲ್ವೆ ಗೇಟಿನಲ್ಲಿ ಆಗಬೇಕಾದ್ದು ಆಯಿತು. ಗೇಟು ಬಿದ್ದಿತ್ತು. ಸುಡು ಬಿಸಿಲು. ಕಾರು ಗುರುಗುಡುತ್ತ, ದೀಪ ಎಸಿ ಎಲ್ಲ ಹಚ್ಚಿಕೊಂಡು ನಿಂತೇ ಇತ್ತು. ಗೇಟು ಏಳುವ ಹೊತ್ತಿಗೆ ಎಂಜಿನ್ ಒಮ್ಮೆ ನಡುಗಿ ತಾನೇ ನಿಂತುಬಿಟ್ಟಿತು. ಹುಲುಗಪ್ಪ ಕೀಲಿ ತಿರುಗಿಸಿದರೆ ಟಕ್ ಅಂದಿತೇ ಹೊರತು ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಹಿಂದೆ ಅದಿರಿನ ಲಾರಿಗಳ ಸಾಲು, ಎಲ್ಲರದೂ ಹಾರ್ನು. ಕೊನೆಗೆ ಸಾಹುಕಾರರ ಲಾರಿಯ ಡ್ರೈವರುಗಳೇ ಇಳಿದು, ನಗು ತಡೆದುಕೊಂಡು, ಧಣಿಯನ್ನು ಒಳಗೆ ಕೂರಿಸಿಕೊಂಡೇ ಕಾರನ್ನು ಹಳಿ ದಾಟಿಸಿದರು. ಆಚೆ ಬದಿಯಲ್ಲಿ ಸಾಹುಕಾರರು ಇಳಿದು, ಎಳೆಯುವ ಹಗ್ಗಕ್ಕೆಂದು ಡಿಕ್ಕಿ ತೆಗೆಸಿದರು. ಅಲ್ಲಿ ಅವ್ವನ ಸೀರೆಯ ತುಂಡಿನಲ್ಲಿ ಸುಟ್ಟ ತಂತಿಯ ಗಂಟು ಸಿಕ್ಕಿತು.

ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಲಾರಿಯೊಂದನ್ನು ಹತ್ತಿ ನಮ್ಮ ಓಣಿಗೆ ಬಂದರು. ಶಾಲೆ ರಜೆ, ನಾನು ಕಟ್ಟೆಯ ಮೇಲಿದ್ದೆ. ಅಪ್ಪ ಒಳಗೆ ಬೆಸುಗೆ ಹಾಕುತ್ತಿದ್ದ.

"ಏ ಈರ್ಯಾ, ಹೊರಗ ಬಾರಲೇ. ಯಾವ ಲಾರೀದೋ ಸುಟ್ಟ ತಂತಿ ನನ್ನ ಗಾಡ್ಯಾಗ ಇಟ್ಟು, ಡೈನಮೊಕ್ಕ ಹಳೇ ತಂತಿ ಸುತ್ತಿ, ನನ್ನ ಕಂಪನಿ ತಂತಿ ತಿಂದೀಯಲ್ಲ. ಕಳ್ಳ. ನಿನ್ನ ಮ್ಯಾಲ ನಂಬಿಕಿ ಇಟ್ಟಿದ್ನಲ್ಲಲೇ."

ಅಪ್ಪ ಬೆಸುಗೆ ಕಡ್ಡಿ ಹಿಡಿದೇ ಹೊರಗೆ ಬಂದ. ಅದು ನಿಮ್ಮ ಗಾಡಿಯ ತಂತಿಯೇ, ಎಲ್ಲರಿಗೂ ಹೀಗೇ ಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದ. ಯಾರು ಕೇಳಬೇಕು? ಸಾಹುಕಾರರು ಗಂಟನ್ನು ಓಣಿಯ ಮಣ್ಣಿಗೆ ಎಸೆದರು. ಅದು ಬಿಚ್ಚಿಕೊಂಡು ತಂತಿಯೆಲ್ಲ ಚೆಲ್ಲಿತು. ಕಿಟಕಿಗಳು ತೆರೆದವು, ಬಾಗಿಲುಗಳಲ್ಲಿ ತಲೆಗಳು ಕಂಡವು. ನಮ್ಮ ಮನೆಯಲ್ಲಿ ಮದುವೆಯೂಟ ಉಂಡವರು, ಅವ್ವನ ಹತ್ತಿರ ಹೆಪ್ಪಿಗೆ ಮಜ್ಜಿಗೆ ಒಯ್ದವರು, ಒಬ್ಬರಾದರೂ ಒಂದು ಮಾತು ಆಡಬಾರದಿತ್ತೇ? ಒಬ್ಬರೂ ಆಡಲಿಲ್ಲ. ಅಪ್ಪ ಬೆಸುಗೆ ಕಡ್ಡಿ ಹಿಡಿದುಕೊಂಡೇ ಒಳಗೆ ಹೋದ. ನಾನು ಮೊಣಕಾಲೂರಿ ಒಂದೊಂದೇ ತಂತಿ ಆರಿಸಿದೆ. ಬೆರಳು ಕುಯ್ದು ರಕ್ತ ಬಂತು. ಅಳು ಬಂದದ್ದು ಅದಕ್ಕಲ್ಲ.

ಆಮೇಲಿನ ವಾರ ನಮ್ಮ ಪಡಸಾಲೆ ಬಿಕೋ ಅನ್ನುತ್ತಿತ್ತು. ರಿಪೇರಿಗೆ ಕೊಟ್ಟಿದ್ದವರು ಬಂದು, ಇರಲಿ ಬಿಡು ಈರಣ್ಣ, ಆಮೇಲೆ ನೋಡೋಣ ಎಂದು ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಎತ್ತಿಕೊಂಡು ಹೋದರು. ಅಪ್ಪ ಒರೆಸಿದ ಇಕ್ಕಳವನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದ. ಶಾಲೆಯಲ್ಲಿ ಒಬ್ಬಳು ನಿಮ್ಮಪ್ಪ ತಂತಿ ಕದೀತಾನಂತ ಹೌದಾ ಎಂದು ಕೇಳಿದಳು. ನಾನು ಅವಳ ಜಡೆ ಹಿಡಿದು ಎಳೆದೆ. ಟೀಚರು ನನ್ನನ್ನು ಹೊರಗೆ ನಿಲ್ಲಿಸಿದರು. ಮನೆಗೆ ಬಂದು ಅಪ್ಪನ ಮೇಲೆ ರೇಗಿದೆ. ಯಾಕೆ ಬಾಯಿ ಹೊಲಿದುಕೊಂಡು ಕೂತಿ, ಒಂದು ಮಾತು ಬೈಯಬಾರದಿತ್ತಾ ಎಂದೆ. ಬೈದರೆ ತಂತಿ ಹೊಸದಾಗುತ್ತದೇನು ಮಗಳೇ ಅಂದ. ಅವ್ವ ಒಳಗಿನಿಂದ ಹಂಚು ಕುಕ್ಕಿದ ಸದ್ದಿನಲ್ಲೇ ಅವಳು ಯಾರ ಕಡೆ ಎಂದು ನನಗೆ ತಿಳಿಯಿತು.

ಹುಲುಗಪ್ಪ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು, ಸ್ಲೋ ಇಳಿಸಿದ ವಿಷಯ ಹೇಳಿ ಅವ್ವನ ಕಾಲಿಗೆ ಬೀಳಲು ಹೋದ. ತನ್ನ ಹೆಸರು ಮಾತ್ರ ಬರಬಾರದು, ಕೆಲಸ ಹೋದರೆ ಹೆಂಡತಿಯನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಅತ್ತ. ಅಪ್ಪ ತಕ್ಷಣ ಮಾತು ಕೊಟ್ಟುಬಿಟ್ಟ. ಕೊಡುವುದರಲ್ಲಿ ಅಪ್ಪ ಯಾವಾಗಲೂ ಮುಂದು. ಅವ್ವ ಮಾತ್ರ, ದಾರಿಯಲ್ಲಿ ತಡೆದು ಹೇಳಿದಳು ಎನ್ನು ಎಂದು, ಹುಲುಗಪ್ಪನ ಕೈಯಲ್ಲೇ ಧಣಿಗೆ ಹೇಳಿಕಳಿಸಿದಳು. ಅದೇ ಕಾರು, ಅದೇ ಡೈನಮೊ ತರಬೇಕು, ಓಣಿಯ ಮುಂದೆ ಪರೀಕ್ಷೆ ಆಗಬೇಕು. ತಪ್ಪು ನಮ್ಮದಾದರೆ ಬೋರ್ಡು ಇಳಿಸಿ ಕಂಪ್ಲಿಗೆ ಹೋಗುತ್ತೇವೆ. ತಪ್ಪು ಅವರದಾದರೆ ಕಳ್ಳ ಅಂದ ಜಾಗದಲ್ಲೇ ನಿಂತು, ಅಂದಷ್ಟೇ ಜೋರಾಗಿ, ಅಲ್ಲ ಅನ್ನಬೇಕು. ಇದನ್ನು ಕೇಳಿ ಅಪ್ಪ ಬೆಚ್ಚಿಬಿದ್ದ. ಬಾಗಿಲ ಮೇಲಿನ ಬೋರ್ಡನ್ನು ಒಮ್ಮೆ ನೋಡಿದ, ಆಮೇಲೆ ವಿಭೂತಿಯ ಗಟ್ಟಿ ಹುಡುಕುತ್ತ ಒಳಗೆ ಹೋದ.

ಸಾಹುಕಾರರು ಬಂದರು. ಹೆಂಗಸಿನ ಪಂದ್ಯ ಎಂದು ಮೋಜಿಗೆ ಬಂದಿರಬೇಕು, ಜೊತೆಗೆ ಇಬ್ಬರು ನಗುವವರನ್ನೂ ಕರೆತಂದಿದ್ದರು. ಓಣಿ ತುಂಬಿತು. ಅಪ್ಪ ಮೊದಲು ಡೈನಮೊ ಇಳಿಸಿ ಬಿಚ್ಚಿ ಒಳಗಿನ ಹೊಸ ತಂತಿ ತೋರಿಸಿದ. ಹಳೆಯದಕ್ಕೇ ಬಣ್ಣ ಬಳಿದಿರಬಹುದು ಅಂದರು ಸಾಹುಕಾರರು. ಅಪ್ಪ ಅದನ್ನು ಮುಚ್ಚಿ, ಸೈಕಲ್ಲಿಗೆ ಹಾಕೋಣ ಅಂದರೆ, ಸೈಕಲ್ ತುಳಿದು ಕಾರಿಗೆ ಸಾಕ್ಷಿ ಹೇಳುತ್ತೀರೇನು ಎಂದು ನಕ್ಕರು. ಜೊತೆಗಿದ್ದವರೂ ನಕ್ಕರು. ಆಗ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿ ಬಂದಳು.

"ಸೈಕಲ್ ಬ್ಯಾಡ್ರಿ ಸಾಹುಕಾರ್ರ. ನಿಮ್ಮ ಕಾರಿನಾಗ ನೀವೇ ಕುಂದ್ರಿ, ರೇಸ್ ನೀವೇ ಒತ್ರಿ. ನಮ್ಮ ಕೈಕಾಲು ಹತ್ತಿದ್ರ ಅದರಾಗೂ ಮೋಸ ಅಂತೀರಿ."

ಓಣಿ ನೋಡುತ್ತಿತ್ತು. ಹಿಂದೆ ಸರಿಯಲು ದಾರಿಯಿಲ್ಲದೆ ಅವರು ಸ್ಟೇರಿಂಗಿನ ಹಿಂದೆ ಕೂತರು. ಅಪ್ಪ ಡೈನಮೊ ವಾಪಸು ಕೂರಿಸಿ, ತುಂಬಿದ ಬ್ಯಾಟರಿ ಇಟ್ಟು, ನಡುವೆ ನಮ್ಮ ಮೀಟರು ಕಟ್ಟಿ, ಅದನ್ನು ಬಾನೆಟ್ಟಿನ ಅಂಚಿಗೆ ಇಟ್ಟ. ಮುಳ್ಳು ಓದುವುದು ನನ್ನ ಕೆಲಸ, ಯಾವತ್ತಿನಂತೆ. ಎಂಜಿನ್ ಶುರುವಾಯಿತು. ಎಸಿ, ನಾಲ್ಕು ದೀಪ, ಸೌಂಡು, ಎಲ್ಲ ಹಾಕಿಸಿದರು. ಕಾರು ಗುರುಗುಟ್ಟುತ್ತ, ಬಳಲಿದ ಎಮ್ಮೆಯ ಹಾಗೆ ನಡುಗುತ್ತ ನಿಂತಿತು. ನೋಡಿ, ಎಲ್ಲ ಉರಿಯುತ್ತದಲ್ಲ ಎಂದರು ಸಾಹುಕಾರರು. ನಾನು ನನ್ನ ಗಂಟಲಿನಲ್ಲಿದ್ದಷ್ಟೂ ದನಿ ಹಾಕಿ ಹೇಳಿದೆ.

"ಮುಳ್ಳು ಎಡಕ್ಕೈತಿ."

ಉರಿಯುತ್ತಿರುವುದು ಬ್ಯಾಟರಿಯ ಕರೆಂಟು, ಹೀಗೇ ನಿಂತರೆ ಅದು ಖಾಲಿಯಾಗುವವರೆಗೆ ಮಾತ್ರ ಎಂದು ಅಪ್ಪ ವಿವರಿಸಿದ. ಅಂದು ಗೇಟಿನಲ್ಲಿ ಆದದ್ದು ಇದೇ. ಈಗ ರೇಸ್ ಒತ್ತಿ ಅಂದ. ಸಾಹುಕಾರರು ಮೆಲ್ಲಗೆ ಒತ್ತಿದರು. ಎಂಜಿನ್ನಿನ ದನಿ ಏರಿತು, ಮುಳ್ಳು ನಡುವಿಗೆ ಬಂತು. ಇನ್ನೂ ಒತ್ತಿದರು. ಮುಳ್ಳು ಬಲಕ್ಕೆ ಹೊರಳಿತು. ನಾನು ಕೂಗಿದೆ. ಕಾಲು ಎತ್ತಿದರು, ಎಡಕ್ಕೆ ಬಿತ್ತು. ಕೂಗಿದೆ. ಒತ್ತಿದರು, ಬಲಕ್ಕೆ. ಅವರೇ ಇಳಿದು ಬಂದು ಹುಲುಗಪ್ಪನಿಗೆ ಒತ್ತಲು ಹೇಳಿ ಮುಳ್ಳನ್ನು ಬಗ್ಗಿ ನೋಡಿದರು. ಅದು ಯಾರ ಕಾಲಿಗೂ ಬೇರೆ ಸಾಕ್ಷಿ ಹೇಳಲಿಲ್ಲ. ಜೊತೆಗೆ ಬಂದವರ ನಗು ನಿಂತಿತ್ತು.

"ಡೈನಮೊ ಸರಿ ಐತ್ರಿ. ಸ್ಲೋ ಭಾಳ ಇಳಿದೈತಿ," ಎಂದ ಅಪ್ಪ. ಯಾರು ಇಳಿಸಿದರು ಎನ್ನಲಿಲ್ಲ. ಹುಲುಗಪ್ಪ ಸ್ಟೇರಿಂಗ್ ನೋಡುತ್ತ ಕೂತಿದ್ದ. ಇಳಿಸಲು ಹೇಳಿದವರು ಯಾರೆಂದು ಸಾಹುಕಾರರಿಗೆ ಗೊತ್ತಿತ್ತು. ಅವರ ಮುಖ ಒಮ್ಮೆ ಕೆಂಪಾಗಿ ಆಮೇಲೆ ಬೂದಿಯಾದದ್ದನ್ನು ಮೀಟರಿನ ಪಕ್ಕದಲ್ಲೇ ನಿಂತು ನಾನು ನೋಡಿದೆ. ಗೊತ್ತಾಗಿತ್ತು ಅವರಿಗೆ. ಪೂರ್ತಿ ಗೊತ್ತಾಗಿತ್ತು. ಅವ್ವ ಎರಡು ಕೈ ಕಟ್ಟಿಕೊಂಡು ಕಾದಳು. ಓಣಿಯೂ ಕಾಯಿತು.

"ಆತು ಬಿಡ್ರಿ, ಅದರಾಗೇನೈತಿ. ಹುಲುಗ್ಯಾ, ಸ್ಲೋ ಏರಿಸಿಕೊಳ್ಳಲೇ," ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆತ್ತಗೆ. ಕಾರು ಹತ್ತಿದರು, ಗಾಜು ಏರಿಸಿದರು, ಹೋದರು.

ಅಷ್ಟೇ. ಕಳ್ಳ ಅನ್ನುವ ಮಾತಿಗೆ ಅಷ್ಟು ದೊಡ್ಡ ಬಾಯಿ, ಅಲ್ಲ ಅನ್ನುವ ಮಾತಿಗೆ ಬಾಯಿಯೇ ಇಲ್ಲ! ಅವ್ವ ಕಾರಿನ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತು, ಧೂಳು ಇಳಿಯುವವರೆಗೂ ನಿಂತೇ ಇದ್ದಳು. ನಾನು ಆರಿಸಿದ್ದ ತಂತಿಯನ್ನು ಆಕೆ ಮೊದಲೇ ಹೊಸ ತುಂಡಿನಲ್ಲಿ ಕಟ್ಟಿಟ್ಟು, ಕಾರು ಬಂದೊಡನೆ ಡಿಕ್ಕಿಯಲ್ಲಿ ಇಡಿಸಿದ್ದಳು, ಅವರ ವಸ್ತು ನಮ್ಮ ಮನೆಯಲ್ಲಿ ಒಂದು ಚೂರೂ ಉಳಿಯಬಾರದೆಂದು. ಬೋರ್ಡು ಇಳಿಯಲಿಲ್ಲ, ಅದೊಂದು ಸಮಾಧಾನ. ಓಣಿಯವರು ಒಬ್ಬೊಬ್ಬರೇ ಬಂದು, ನಮಗೆ ಮೊದಲೇ ಗೊತ್ತಿತ್ತು ಈರಣ್ಣ ಅಂದರು. ಮೊದಲೇ ಗೊತ್ತಿದ್ದರೆ ಅವತ್ತು ಕಿಟಕಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಬೇಕೆಂದಿದ್ದೆ. ಅವ್ವ ನನ್ನ ಕೈ ಹಿಚುಕಿ ಒಳಗೆ ಕಳಿಸಿದಳು. ಅವತ್ತು ಅಪ್ಪ ಚೆನ್ನಾಗಿ ಉಂಡ. ಮುಳ್ಳು ಹೇಳಿತಲ್ಲ, ಮನುಷ್ಯರು ಹೇಳದಿದ್ದರೇನು ಅಂದ. ನನಗೆ ಸಾಹುಕಾರರ ಮೇಲಿನ ಸಿಟ್ಟಿನ ಜೊತೆಗೆ ಈ ಮಾತಿನ ಮೇಲೂ ಸಿಟ್ಟು ಬಂತು.

ಗಿರಾಕಿಗಳು ವಾಪಸು ಬಂದರು. ಆದರೆ ಅಪ್ಪನ ಕೆಲಸದಲ್ಲಿ ಒಂದು ಹೊಸ ರೂಢಿ ಸೇರಿಕೊಂಡಿತು. ಸುತ್ತಿದ ಮೇಲೆ ಡೈನಮೊ ಮುಚ್ಚುತ್ತಿರಲಿಲ್ಲ. ಗಾಡಿಯವರನ್ನು ಕರೆದು, ಬೆಳಕಿಗೆ ಹಿಡಿದು, ನೋಡ್ಕೊಳ್ರಿ, ಹೊಸ ತಂತಿ ಅನ್ನುತ್ತಿದ್ದ. ಅವಸರವಿದ್ದವರು ಬ್ಯಾಡ ಬಿಡ್ರಿ ಅಂದರೂ ಬಿಡುತ್ತಿರಲಿಲ್ಲ, ಅವರು ಬಗ್ಗಿ ನೋಡುವವರೆಗೆ ಹಿಡಿದೇ ಇರುತ್ತಿದ್ದ. ಒಂದು ಸುತ್ತು ತಪ್ಪಿದ್ದಕ್ಕೆ ಇಡೀ ಕಾಯಿಲು ಬಿಚ್ಚಿದ ಮನುಷ್ಯ, ದಾರಿಯಲ್ಲಿ ಹೋಗುವ ಆಟೋದವನ ಮುಂದೆ ಬಗ್ಗಿ ನಿಂತು ತಾನು ಕಳ್ಳನಲ್ಲ ಎಂದು ತೋರಿಸುತ್ತಿದ್ದ. ಪ್ರತಿ ದಿನ. ಸಾಹುಕಾರರು ಒಂದು ಸಲ ಜೋರಾಗಿ ಒಂದು ಮಾತಾಡಿದ್ದರೆ ಇದೆಲ್ಲ ತಪ್ಪುತ್ತಿತ್ತು. ಅದಕ್ಕೇ ನಾನು ಮರೆಯುವುದಿಲ್ಲ ಅಂದದ್ದು.

ಗಣಿಗಳ ಗದ್ದಲ ನಿಂತು ಬಹಳ ವರ್ಷವಾಯಿತು. ಗಾದಿಗನೂರಿನ ಆ ಸಾಹುಕಾರರು ಎಲ್ಲಿದ್ದಾರೋ, ಆ ಕಾರು ಏನಾಯಿತೋ ನಾನು ವಿಚಾರಿಸಿಲ್ಲ. ಸಂಡೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಓಡಾಡಲು ಹಳೆಯ ಕಾರೊಂದನ್ನು ಕೊಂಡಿದ್ದೇನೆ. ಕಳೆದ ಬೇಸಗೆಯಲ್ಲಿ ಅದರ ಡೈನಮೊ ಸುಟ್ಟಿತು. ಬೇರೆಲ್ಲಿಗೆ ಒಯ್ಯಲಿ? ಅಪ್ಪನಿಗೆ ಈಗ ಕೈ ನಡುಗುತ್ತದೆ, ಕನ್ನಡಕ ಎರಡು ಬೇಕು, ಆದರೂ ಯಾರ ಕೈಗೂ ಕೊಡಲಿಲ್ಲ. ಅವ್ವ ಗ್ಯಾಸಿನ ಮುಂದೆ ರೊಟ್ಟಿ ಬಡಿಯುತ್ತ ಎಣಿಸಿದಳು. ಎರಡು ದಿನ ಹಿಡಿಯಿತು. ಮುಗಿದ ಮೇಲೆ ಅಪ್ಪ ಪಡಸಾಲೆಯಿಂದ ಕರೆದ. ಹೋದೆ. ಡೈನಮೊ ಮುಚ್ಚಿರಲಿಲ್ಲ. ಅದನ್ನು ಎರಡು ಕೈಯಲ್ಲೂ ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದಿದ್ದ. ಪಕ್ಕದ ಸ್ಟೂಲಿನ ಮೇಲೆ ಅವ್ವನ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟಿತ್ತು.

"ಬಾರವ್ವ, ನೋಡ್ಕೋ. ಹೊಸ ತಂತಿ ಐತಿ. ಹಳೇದು ಅಲ್ಲೈತಿ, ನಿಂದು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಮಗಳು, ನನಗೂ ತೋರಿಸುತ್ತೀಯೇನಪ್ಪ ಎಂದು ಕೇಳಲು ಬಾಯಿ ತೆರೆದೆ. ಅಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ಗಿರಾಕಿ ನೋಡಲಿ ಎಂದು ಕಾಯುವ ಹಾಗೆ ಡೈನಮೊವನ್ನೇ ನೋಡುತ್ತ ನಿಂತಿದ್ದ. ನಾನು ಬಗ್ಗಿದೆ. ಒಂದೊಂದೇ ಸುತ್ತನ್ನು, ಅವನಿಗೆ ಸಮಾಧಾನ ಆಗುವಷ್ಟು ಹೊತ್ತು, ಚೆನ್ನಾಗಿ ನೋಡಿದೆ.

"ನೋಡಿದೆ ಅಪ್ಪ," ಅಂದೆ. "ಹೊಸದೈತಿ."

ಆಮೇಲೆ ಅವನು ಮುಚ್ಚಿದ.